ಖಾಲಿ ಕೋಣೆಯ ಸದ್ದು

ಮಾಧ್ಯಮ ವಿಭಾಗಗಳಲ್ಲಿ ಹೊಸದಾಗಿ ಮೇಷ್ಟರಾದವರು ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ, ‘ಮೊದಲ ದಿನ ಮಕ್ಕಳಿಂದ ಏನು ಮಾಡಿಸಬೇಕು ಸರ್?’ ಎಂದು ಕೇಳುತ್ತಾರೆ. ಬಾಗಿಲು ತೆಗೆಸಿ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆಂದು ಕೆಲವರು ನಗುತ್ತಾರೆ. ಹೈದರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿಸಿದ್ದು ಅದನ್ನೇ. ಒಬ್ಬ ವಿದ್ಯಾರ್ಥಿ ಬಾಗಿಲು ತೆಗೆದು ಒಳಗೆ ಬರಬೇಕು, ಕೋಣೆ ದಾಟಿ ಇನ್ನೊಬ್ಬರ ಎದುರು ಕುರ್ಚಿಯಲ್ಲಿ ಕೂರಬೇಕು, ಇಬ್ಬರೂ ಎರಡೆರಡು ಮಾತಾಡಬೇಕು. ಅಷ್ಟೇ.

ದೊಡ್ಡ ನಿರ್ದೇಶಕರಾಗಬೇಕೆಂದು ಬಂದವರಿಗೆ ಇದು ಅವಮಾನ. ಆದರೆ ಆ ಅರ್ಧ ನಿಮಿಷದಲ್ಲಿ ಈ ಕಸುಬಿನ ಅ ಆ ಇ ಈ ಎಲ್ಲವೂ ಬಂದುಹೋಗುತ್ತದೆ. ಹೊರಗೆ ಹಿಡಿಕೆ ತಿರುಗಿಸಿದ ಕೈ, ಒಳಗೆ ತೆರೆದುಕೊಂಡ ಬಾಗಿಲು, ಎರಡೂ ಒಂದೇ ಚಲನೆಯಾಗಿ ಕೂಡಬೇಕು. ಎದುರುಬದುರು ಕೂತವರ ನಡುವೆ ಕಣ್ಣಿಗೆ ಕಾಣದ ಗೆರೆಯೊಂದಿರುತ್ತದೆ. ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಓಡಾಡಬೇಕು. ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಬಸ್ಸಿನಲ್ಲಿ ಕೂತವರಂತೆ ಕಾಣುತ್ತಾರೆ.

ಒಂದು ತಂಡ ಹೊರಗಿನ ದೃಶ್ಯವನ್ನು ಗ್ರಂಥಾಲಯದ ಬಾಗಿಲಲ್ಲಿ, ಒಳಗಿನದನ್ನು ಕ್ಯಾಂಟೀನಿನ ಬಾಗಿಲಲ್ಲಿ ತೆಗೆದುಕೊಂಡು ಬಂತು. ಬೆಳಕು ಚೆನ್ನಾಗಿದೆ, ಚಲನೆ ಕೂಡಿದೆ ಎಂದು ನಾನು ಎಲ್ಲರೆದುರು ಹೊಗಳಿದೆ. ಹಿಂದೆ ನಿಂತಿದ್ದ ನಮ್ಮ ಅಟೆಂಡರು, ‘ಸಾರ್, ಆತ ಬಾಗಿಲನ್ನು ತಳ್ಳಿದ, ಅದು ಅವನ ಕಡೆಗೇ ತೆರೆಯಿತಲ್ಲ’ ಎಂದು ತೆಲುಗಿನಲ್ಲಿ ಕೇಳಿದರು. ಇಡೀ ತರಗತಿ ನಕ್ಕಿತು. ಹತ್ತು ವರ್ಷ ಒಂದು ಟಿವಿ ವಾಹಿನಿಯಲ್ಲಿ ಸಂಕಲನಕಾರನಾಗಿ ಸಾವಿರಾರು ದೃಶ್ಯ ಕತ್ತರಿಸಿ ಅಂಟಿಸಿ ಬಂದ ನನ್ನ ಕಣ್ಣಿಗೆ ಕಾಣದ್ದು ಅವರಿಗೆ ಕಂಡಿತ್ತು. ಆ ತಪ್ಪಿಗೆ ನಾನೂ ನಕ್ಕೆ. ನಗಲಾಗದ ತಪ್ಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾಗಿಲಿನ ಪಾಠ ಮುಗಿದ ಮೇಲೆ ಥ್ರಿಲ್ಲರ್. ಎರಡು ನಿಮಿಷದ ಒಂದು ಥ್ರಿಲ್ಲರಿನ ಆರಂಭ ಮಾತ್ರ ಮಾಡಬೇಕು, ಪೂರ್ತಿ ಚಿತ್ರವಲ್ಲ. ಕೊಂದವರು ಯಾರು ಎಂದು ಹುಡುಕುವ ಬಗೆ, ಅಟ್ಟಿಸಿಕೊಂಡು ಬರುವ ಬಗೆ, ಮನಸ್ಸಿನೊಳಗಿನ ಭಯದ ಬಗೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ತಟ್ಟನೆ ಬೆಚ್ಚಿಬೀಳಿಸುವುದು ಸುಲಭ, ಕಾಯಿಸುವುದು ಕಷ್ಟ. ಕಾಯಿಸಬೇಕಾದರೆ ಪಾತ್ರಕ್ಕೆ ಗೊತ್ತಿಲ್ಲದ್ದೇನೋ ನೋಡುವವರಿಗೆ ಗೊತ್ತಿರಬೇಕು ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆ. ಮಕ್ಕಳು ತಲೆಯಾಡಿಸಿ ಹೋಗಿ ಮುಸುಕು ಹಾಕಿದ ಒಬ್ಬ, ಹಾಸ್ಟೆಲ್ ಮೆಸ್ಸಿನ ಒಂದು ಚಾಕು, ಎರಡನ್ನೂ ಇಟ್ಟುಕೊಂಡು ಬರುತ್ತಿದ್ದರು.

ಒಮ್ಮೆ ಆ ಚಾಕುವಿನ ಸಮೇತ ಒಂದು ತಂಡವನ್ನು ಬೇಗಂಪೇಟೆ ರೈಲು ನಿಲ್ದಾಣದಲ್ಲಿ ಪೊಲೀಸರು ಕೂರಿಸಿಕೊಂಡರು. ಅನುಮತಿ ಪತ್ರ ತೆಗೆದುಕೊಳ್ಳಬೇಕೆಂದು ಹೇಳಲು ಮರೆತವನು ನಾನೇ. ಓಡಿದೆ. ಅಲ್ಲಿದ್ದ ವಯಸ್ಸಾದ ಹವಾಲ್ದಾರರು ಬೈಯಲಿಲ್ಲ, ಚಾ ತರಿಸಿ ಕಥೆ ಏನೆಂದು ಕೇಳಿದರು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು ಕಾಯುತ್ತಾಳೆ, ಹಿಂದೆ ಒಬ್ಬ ಬರುತ್ತಾನೆ, ರೈಲು ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ ಎಂದೆ. ಕೊನೆಗೆ ಏನಾಗುತ್ತದೆ ಎಂದರು. ಇದು ಆರಂಭ ಮಾತ್ರ, ಕೊನೆ ಇಲ್ಲ ಎಂದೆ. ‘ಮರಿ ಎಂಡಿಂಗ್ ಲೇಕುಂಡಾ ಎಂದುಕು ತೀಸ್ತಾರು ಸಾರ್?’ ಎಂದರು. ಕೊನೆ ಇಲ್ಲದ್ದನ್ನು ಯಾಕಾದರೂ ತೆಗೆಯುತ್ತೀರಿ ಎಂಬ ಅವರ ಪ್ರಶ್ನೆಗೆ, ಪಠ್ಯಕ್ರಮದಲ್ಲಿ ಹಾಗಿದೆ ಎಂದು ಹೇಳಿ ಮಕ್ಕಳನ್ನು ಕರೆದುಕೊಂಡು ಬಂದೆ.

ನಮ್ಮ ವಿಭಾಗದ ಮುಖ್ಯಸ್ಥರು ರಾವ್ ಎಂಬವರು. ಒಳ್ಳೆಯ ಮನುಷ್ಯ, ಗಲಾಟೆ ಎಂದರೆ ಹೆದರಿಕೆ. ನಮ್ಮ ತರಗತಿಯಲ್ಲಿ ತೆಲುಗು, ಉರ್ದು, ಹಿಂದಿಯ ಮಕ್ಕಳು ಕೂಡಿದ್ದರು, ನಡುವೆ ಒಬ್ಬರೋ ಇಬ್ಬರೋ ಕನ್ನಡದವರು. ಒಂದು ವರ್ಷ ಒಂದು ತಂಡದಲ್ಲಿ ಚಿತ್ರದ ಮಾತು ಯಾವ ಭಾಷೆಯಲ್ಲಿರಬೇಕೆಂದು ಜಗಳವಾಗಿ ಎರಡು ಪಂಗಡವಾಯಿತು. ರಾವ್ ಅವರಿಗೆ ಒಂದು ಉಪಾಯ ಹೇಳಿದವನು ನಾನು. ‘ಥ್ರಿಲ್ಲರಿನಲ್ಲಿ ಮಾತೇ ಬೇಡ ಸರ್. ಎರಡು ನಿಮಿಷ ಪೂರ್ತಿ ಮೂಕ. ಸದ್ದು ಇರಲಿ, ಸಂಗೀತ ಇರಲಿ, ಮಾತು ಬೇಡ.’ ರಾವ್ ಅವರ ಮುಖ ಅರಳಿತು. ‘ಅಚ್ಛಾ ಹೈ ಯಾರ್, ಝಗಡಾ ಹೀ ಖತಂ’ ಎಂದರು, ಜಗಳವೇ ಮುಗಿಯಿತೆಂಬ ಸಮಾಧಾನದಲ್ಲಿ. ಅಂದಿನಿಂದ ಅದು ನಿಯಮವಾಯಿತು. ದೃಶ್ಯದಲ್ಲೇ ಕಥೆ ಹೇಳಲು ಮಕ್ಕಳು ಕಲಿಯುತ್ತಾರೆಂದು ನಾನೂ ನಂಬಿದ್ದೆ, ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ನಿಯಮ ಹುಟ್ಟಿದ್ದು ಕಲೆಯಿಂದಲ್ಲ, ತಲೆನೋವು ತಪ್ಪಿಸಿಕೊಳ್ಳಲು.

ಈಗ ಎರಡು ಕೆಲಸದ ವಿಷಯ ಹೇಳಬೇಕು. ಇವು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮೊದಲನೆಯದು ಕಾರ್ಡು. ನಾನು ಸೇರಿದಾಗ ಟೇಪಿನ ಕಾಲ. ಟೇಪುಗಳು ಬೀರುವಿನಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತಿದ್ದವು, ಯಾರೂ ಅಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಆಮೇಲೆ ಮೆಮೊರಿ ಕಾರ್ಡು ಬಂತು. ವಿಭಾಗಕ್ಕೆ ಇದ್ದದ್ದು ನಾಲ್ಕು, ತಂಡಗಳು ಹನ್ನೆರಡು. ಒಂದು ತಂಡಕ್ಕೆ ಒಂದು ವಾರ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಕಾರ್ಡು ನನ್ನ ಮೇಜಿನ ಮೇಲಿರಬೇಕು, ನಾನೇ ಅದನ್ನು ಪೂರ್ತಿ ಅಳಿಸಿ ಮುಂದಿನ ತಂಡದ ಕೈಗೆ ಕೊಡುತ್ತಿದ್ದೆ. ಟೇಪಿನ ಕಾಲದಲ್ಲಿ ಅಳಿಸಬೇಕೆಂದರೆ ಶ್ರಮಪಡಬೇಕಿತ್ತು, ಕಾರ್ಡಿನ ಕಾಲದಲ್ಲಿ ಉಳಿಸಬೇಕೆಂದರೆ. ಈ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು.

ಎರಡನೆಯದು ಕೋಣೆಯ ಸದ್ದು. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ. ಫ್ಯಾನು, ಬೀದಿ, ಗೋಡೆಯಾಚೆಯ ನಲ್ಲಿ. ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಉಸಿರು ಬಿಗಿಹಿಡಿದು ನಿಲ್ಲಬೇಕು, ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಒಂದು ನಿಮಿಷ ಆ ಸದ್ದನ್ನಷ್ಟೇ ಹಿಡಿಯಬೇಕು. ಸಂಕಲನದಲ್ಲಿ ಎರಡು ದೃಶ್ಯಗಳ ನಡುವೆ ಹಳ್ಳ ಬಿದ್ದಾಗ ತುಂಬಲು ಅದೇ ಬೇಕು. ಮಕ್ಕಳು ಇದನ್ನು ಮರೆತೇ ಮರೆಯುತ್ತಾರೆ. ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕಾರ್ಡು ಅಳಿಸುವ ಮುಂಚೆ ಅದರಲ್ಲಿದ್ದ ಕೋಣೆಯ ಸದ್ದನ್ನು ನನ್ನ ಹಾರ್ಡ್ ಡಿಸ್ಕಿಗೆ ಎಳೆದುಕೊಳ್ಳುತ್ತಿದ್ದೆ. ಬಿಡುವಾದಾಗ ಕುಳಿತು ಅದರಲ್ಲಿನ ಕೆಮ್ಮು, ಕುರ್ಚಿ ಎಳೆದದ್ದು, ಮಾತು ಎಲ್ಲ ಕತ್ತರಿಸಿ ಶುದ್ಧ ಮಾಡಿ ಇಡುತ್ತಿದ್ದೆ. ಮರೆತು ಬಂದವರಿಗೆ ಅದರಿಂದ ಕೊಡುತ್ತಿದ್ದೆ. ಜಿಪುಣ ಎಂದು ನನಗೆ ಹೆಸರಿತ್ತು, ಈ ವಿಷಯದಲ್ಲಿ ಮಾತ್ರ ಧಾರಾಳಿ.

ಅಕ್ಷತಾ ನಮ್ಮಲ್ಲಿ ಸೇರಿದ್ದು ಹನ್ನೆರಡು ವರ್ಷದ ಹಿಂದೆ ಇರಬೇಕು. ಕಲಬುರಗಿ ಕಡೆಯ ಮನೆತನ, ಮೂರು ತಲೆಮಾರಿನಿಂದ ಹೈದರಾಬಾದು, ಬೇಗಂ ಬಜಾರಿನ ಒಂದು ಮಸಾಲೆ ಮಳಿಗೆಯ ಮೇಲಿನ ಮಹಡಿಯಲ್ಲಿ ವಾಸ. ಮೊದಲ ವಾರ ನಾನು ಕಾರಿಡಾರಿನಲ್ಲಿ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದೆ ಬಂದು ನಿಂತಳು. ‘ಸರ್, ನೀವು ನಮ್ಮ ಕಡಿಯವರೇನ್ರಿ? ಇಷ್ಟ ದಿನ ಹೇಳೇ ಇಲ್ಲಲ್ರೀ!’ ಎಂದಳು. ನಮ್ಮದು ರಾಯಚೂರು. ಮನೆಯ ಹೊಸ್ತಿಲು ದಾಟಿದರೆ ತೆಲುಗು ಎಂಬುದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ನಾನು ಅವಳಿಗೆ ಉತ್ತರವನ್ನೂ ತೆಲುಗಿನಲ್ಲೇ ಕೊಟ್ಟೆ. ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಯವರೆಗೂ ನನ್ನ ಜೊತೆ ಕನ್ನಡದಲ್ಲೇ ಮಾತಾಡಿದಳು.

ಥ್ರಿಲ್ಲರಿನ ಸರದಿ ಬಂದಾಗ ಅವಳು ತಂದದ್ದು ಮುಸುಕಿನವನನ್ನಲ್ಲ, ಅವಳ ಅಜ್ಜಿ ನೀಲಮ್ಮನ ಕಥೆಯನ್ನು. ನೀಲಮ್ಮ ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದು. ಗಂಡ ಸರ್ಕಾರಿ ನೌಕರ, ನಾಲ್ಕು ದಿನದ ಮಟ್ಟಿಗೆ ಜಿಲ್ಲೆಗೆ ಹೋಗಿದ್ದಾರೆ. ನೀಲಮ್ಮನಿಗೆ ಕನ್ನಡ ಬಿಟ್ಟು ಒಂದಕ್ಷರ ಬಾರದು. ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಪ್ರತಿದಿನ ಮಧ್ಯಾಹ್ನ ಯಾರೋ ಬಂದು ಮೂರು ಸಲ ಬಾಗಿಲು ಬಡಿದು, ಏನೋ ಹೇಳಿ, ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. ನಾಲ್ಕನೆಯ ದಿನ ನೀಲಮ್ಮ ಲಟ್ಟಣಿಗೆ ಹಿಡಿದು ಚಿಲಕ ತೆಗೆದರೆ, ಪಕ್ಕದ ಮನೆಯ ಬಿಲ್ಕಿಸ್ ಬೀ. ಕೈಯಲ್ಲಿ ರೊಟ್ಟಿ, ದಾಲ್. ಈ ಮನೆಯಿಂದ ಒಲೆಯ ಹೊಗೆ ಬರುತ್ತಿಲ್ಲವೆಂದು ಮೂರು ದಿನ ಊಟ ತಂದು ತಂದು ವಾಪಸು ಒಯ್ದಿದ್ದಾಳೆ.

‘ನಮ್ಮಜ್ಜಿ ಇದನ್ನ ಭಾಳ ಚಲೋ ಹೇಳ್ತಾಳ್ರಿ ಸರ್. ಹಲಗಿ ಮ್ಯಾಲೆ ಬೆರಳಿಂದ ಬಡದು ತೋರಸ್ತಾಳ್ರಿ. ಬಿಲ್ಕಿಸ್ ಬೀನ ದನಿನೂ ಮಾಡ್ತಾಳ. ಅಕಿ ದನಿಯಾಗನ ಇಡೀ ಫಿಲ್ಮ್ ಮಾಡ್ಲೇನ್ರಿ?’

ಮಾತು ಬೇಡವೆಂಬ ನಿಯಮ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಳು. ನಾನು ಒಪ್ಪಲಿಲ್ಲ. ಅದು ಸಾಲದೆಂದು ಕಥೆಯನ್ನೂ ತಿದ್ದಿದೆ. ಬಾಗಿಲು ಬಡಿಯುವುದು ಚೆನ್ನಾಗಿದೆ, ರೊಟ್ಟಿ ತರುವುದು ಬೇಡ, ಭಯ ಕರಗಿಹೋಗುತ್ತದೆ. ಒಳಗೆ ನಿನ್ನ ಅಜ್ಜಿಯನ್ನೇ ಕೂರಿಸು, ಬಡಿಯುವ ಕೈಗೆ ಕಪ್ಪು ಗವಸು ಹಾಕಿಸು. ಒಳಗಿನ ಮುದುಕಿಗೆ ಗೊತ್ತಿಲ್ಲ, ನೋಡುವವರಿಗೆ ಗವಸು ಕಾಣುತ್ತದೆ. ಚಿಲಕದ ಮೇಲೆ ಕೈಯಿಟ್ಟಲ್ಲಿಗೆ ಮುಗಿಸು. ಹೀಗೆ ಅನ್ನ ತಂದವಳನ್ನು ಕೊಲೆಗಡುಕಿ ಮಾಡಿಸಿದೆ. ಅದಕ್ಕೆ ತರಗತಿಯಲ್ಲೇ ಅತಿ ಹೆಚ್ಚು ಅಂಕವನ್ನೂ ಕೊಟ್ಟೆ. ಚಿತ್ರ ನೋಡಿದ ನೀಲಮ್ಮ, ‘ನನ್ನ ಬಿಲ್ಕಿಸ್ ಬೀನ್ನ ಯಾಕ್ ಹಿಂಗ ಕಳ್ಳಿ ಮಾಡೀರವಾ? ನಿಮ್ಮ ಮಾಸ್ತರಗ ಹೊಟ್ಟಿ ಹಸದಿದ್ದ ಗೊತ್ತಿಲ್ಲೇನು?’ ಎಂದರಂತೆ. ಅಕ್ಷತಾ ನಗುತ್ತ ಬಂದು ಹೇಳಿದಳು. ನಾನೂ ನಕ್ಕೆ.

ಆದರೆ ಚಿತ್ರೀಕರಣದ ಬಿಡುವಿನಲ್ಲಿ ಅವಳು ಅಜ್ಜಿಯ ಬಾಯಿಂದ ಆ ಕಥೆಯನ್ನು ಪೂರ್ತಿ ಹೇಳಿಸಿ ಅದೇ ಕಾರ್ಡಿನಲ್ಲಿ ಹಿಡಿದಿಟ್ಟಿದ್ದಳು. ಚಿತ್ರಕ್ಕಲ್ಲ, ತನಗೆ. ಶನಿವಾರ ಅವಳ ತಂಡದವರು ನಾಲ್ಕಕ್ಕೆ ಮುಂಚೆಯೇ ಕಾರ್ಡು ತಂದಿಟ್ಟಿದ್ದರು, ನಾಲ್ಕರ ಹೊತ್ತಿಗೆ ಅವಳೂ ಬಂದಳು.

‘ಸರ್, ಸೋಮವಾರ ತನಕ ಕೊಡ್ರಿ. ನನ್ನ ಲ್ಯಾಪ್‌ಟಾಪ್ ತುಂಬಿ ಹೋಗೇತ್ರಿ. ನಾಳೆ ನಮ್ಮ ಕಾಕಾನ ಕಡಿಂದ ಡಿಸ್ಕ್ ತರ್ತೀನಿ. ಅಜ್ಜಿ ಮಾತಾಡಿದ್ದು ಐತ್ರಿ ಅದರಾಗ.’

‘ಅಂಕಕ್ಕೆ ಬೇಕಾದದ್ದೆಲ್ಲ ಒಪ್ಪಿಸಿದ್ದೀಯಲ್ಲ?’ ಎಂದು ತೆಲುಗಿನಲ್ಲಿ ಕೇಳಿದೆ.

‘ಅದು ಆಗೇತ್ರಿ. ಇದು ನನಗಂತ.’

ಮುಂದಿನ ತಂಡ ಬಾಗಿಲಲ್ಲಿ ನಿಂತಿತ್ತು. ಒಬ್ಬಳಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು ಎಂದೆ. ಅಜ್ಜಿ ಮನೆಯಲ್ಲೇ ಇದ್ದಾರಲ್ಲ, ಇನ್ನೊಂದು ಸಲ ಹೇಳಿಸಿಕೋ ಎಂದೆ. ಅವಳ ಎದುರೇ ಗುಂಡಿ ಒತ್ತಿದೆ. ಆ ಹೊತ್ತಿಗೆ ನನ್ನ ಸ್ವಂತ ಹಾರ್ಡ್ ಡಿಸ್ಕು ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು. ಅವಳು ಬರುವ ಅರ್ಧ ಗಂಟೆ ಮುಂಚೆ ಅದೇ ಕಾರ್ಡಿನಿಂದ ಕೋಣೆಯ ಸದ್ದನ್ನು ಎಳೆದುಕೊಂಡಿದ್ದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಅಜ್ಜಿಯ ಮಾತನ್ನೂ ಎಳೆದುಕೊಂಡಿದ್ದರೆ ನಾಲ್ಕೈದು ನಿಮಿಷದ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಎರಡು ಸಲ ಓದಿಕೊಳ್ಳಲಿ. ನಾನು ಕೆಟ್ಟವನಾಗಿರಲಿಲ್ಲ, ನಿಯಮಕ್ಕೆ ನಿಷ್ಠನಾಗಿದ್ದೆ, ಅಷ್ಟೇ.

ಆ ಬೇಸಿಗೆಯಲ್ಲಿ ನೀಲಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಜೂನಿನಲ್ಲಿ ಕಾಲೇಜು ತೆರೆದ ದಿನ ಅಕ್ಷತಾ ಬಂದು ನನ್ನ ಮೇಜಿನ ಮುಂದೆ ನಿಂತಳು.

‘ಸರ್, ಆ ಕಾರ್ಡಿನಾಗಿಂದು ಎಲ್ಲ್ಯರ ಉಳದೇತೇನ್ರಿ?’

ಆ ಕಾರ್ಡಿನ ಮೇಲೆ ಅಷ್ಟರಲ್ಲಿ ಐದಾರು ತಂಡಗಳು ಚಿತ್ರ ತೆಗೆದಿದ್ದವು. ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶಗಳನ್ನು ಒಂದು ವಾರ ಓಡಿಸಿ ನೋಡಿದೆ. ಬೇರೆ ಯಾರದೋ ಚಾಕು, ಬೇರೆ ಯಾರದೋ ಮುಸುಕು ಚೂರುಚೂರಾಗಿ ಬಂದವು. ಅಕ್ಷತಾಳ ಮನೆಯಲ್ಲಿ ಅಜ್ಜಿ ಮಾತಾಡಿದ್ದೆಂದು ಇದ್ದದ್ದು ಒಂದು ಮದುವೆಯ ವಿಡಿಯೊ ಮಾತ್ರ. ಅದರಲ್ಲಿ ಅಜ್ಜಿ ನಗುತ್ತ ಮಾತಾಡುತ್ತಾರಂತೆ, ಮೇಲೆ ವಿಡಿಯೊದವನು ಸಿನಿಮಾ ಹಾಡು ಹಾಕಿಬಿಟ್ಟಿದ್ದಾನೆ. ಇನ್ನು ಅವಳ ಥ್ರಿಲ್ಲರಿನಲ್ಲಿ ಅಜ್ಜಿ ಎರಡು ನಿಮಿಷ ಇದ್ದಾರೆ, ಬಾಯಿ ತೆರೆಯುವುದಿಲ್ಲ. ತೆರೆಯಬಾರದೆಂದು ನಾನು ಹೇಳಿದ್ದೆ.

ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ‘ಇರ್ಲಿ ಬಿಡ್ರಿ ಸರ್, ನಿಮಗರ ಏನ್ ಗೊತ್ತಿತ್ರಿ’ ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಒಂದು ವರ್ಷ ಅವಳು ಎದುರಿಗೆ ಬಂದಾಗಲೆಲ್ಲ ನಾನು ಏನಾದರೂ ಕೆಲಸವಿರುವಂತೆ ನಡೆಯುತ್ತಿದ್ದೆ. ಓದು ಮುಗಿಸಿ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ತರಬೇತಿ ವಿಡಿಯೊ ಮಾಡುವ ಕೆಲಸಕ್ಕೆ ಸೇರಿದಳು. ನೀಲಮ್ಮ ಐದು ವರ್ಷ ಮಾತಿಲ್ಲದೆ ಬದುಕಿ ತೀರಿಕೊಂಡರೆಂದು ಆಮೇಲೆ ಕೇಳಿದೆ.

ನಿವೃತ್ತನಾದ ಮೇಲೆ ಹೊಸ ಮೇಷ್ಟರಿಗೆ ಕೊಡಲೆಂದು ನನ್ನ ಕೋಣೆಯ ಸದ್ದುಗಳನ್ನು ಒಪ್ಪಮಾಡುತ್ತ ಕೂತಿದ್ದೆ. ಅದರಲ್ಲೊಂದು ಎಲ್ಲ ಮಕ್ಕಳಿಗೂ ಅಚ್ಚುಮೆಚ್ಚಿನದು. ‘ಆ ಭಯದ್ದು ಕೊಡಿ ಸಾರ್’ ಎಂದು ಕೇಳಿ ಒಯ್ಯುತ್ತಿದ್ದರು. ವರ್ಷಗಟ್ಟಲೆ ನಮ್ಮ ವಿಭಾಗದ ಥ್ರಿಲ್ಲರುಗಳ ಅಡಿಯಲ್ಲೆಲ್ಲ ಅದೇ ಹರಿದಿತ್ತು. ಫ್ಯಾನಿನ ಕಿರುಗುಟ್ಟುವಿಕೆ, ಕೆಳಗೆ ದೂರದಲ್ಲಿ ಮೂಟೆ ಇಳಿಸುವ ಸದ್ದು, ಹತ್ತಿರದಲ್ಲೇ ಯಾರದೋ ಉಸಿರು, ನಡುವೆ ಒಮ್ಮೆ ಬಳೆ. ಕೋಣೆ ಖಾಲಿಯಿಲ್ಲ, ಯಾರೋ ಇದ್ದಾರೆ ಅನ್ನಿಸುವಂತಿತ್ತು, ಅದಕ್ಕೇ ಮಕ್ಕಳಿಗೆ ಇಷ್ಟ. ಕಡತದ ಹೆಸರನ್ನು ಅಂದು ಸರಿಯಾಗಿ ಓದಿದೆ. ‘ಬೇಗಂ ಬಜಾರ್ ಮಹಡಿ’ ಎಂದು ನಾನೇ ಬರೆದದ್ದು. ಅದು ನೀಲಮ್ಮ ಕೂತಿದ್ದ ಕೋಣೆ.

ಅಕ್ಷತಾಳ ನಂಬರು ಹುಡುಕಿ ಫೋನ್ ಮಾಡಿದೆ. ಗಚ್ಚಿಬೌಲಿಯ ಅವಳ ಫ್ಲ್ಯಾಟಿಗೆ ಭಾನುವಾರ ಬೆಳಿಗ್ಗೆ ಹೋದೆ. ವಿಷಯ ಹೇಳಿ ಹೆಡ್‌ಫೋನ್ ಕೊಟ್ಟೆ. ಮಾತಿಲ್ಲಮ್ಮ, ಬರೀ ಉಸಿರು ಎಂದೆ, ಮೊದಲ ಬಾರಿಗೆ ಅವಳ ಜೊತೆ ಕನ್ನಡದಲ್ಲಿ. ಅವಳು ಕಣ್ಣು ಮುಚ್ಚಿ ಕೇಳಿದಳು. ಬಳೆಯ ಸದ್ದು ಬಂದಾಗ ಅವಳ ಕೈ ತನ್ನ ಮಣಿಕಟ್ಟಿಗೆ ಹೋಯಿತು. ಮುಗಿದ ಮೇಲೆ ಮತ್ತೆ ಹಾಕಿಸಿಕೊಂಡಳು. ಮೂರನೆಯ ಸಲ ಕೇಳಿ ಹೆಡ್‌ಫೋನ್ ತೆಗೆದಾಗ ಅಳುತ್ತಿದ್ದಳು, ನಗುತ್ತಲೂ ಇದ್ದಳು.

‘ಅಕಿನ ಸರ್. ಮೂಗಿನಾಗ ಹಿಂಗ ಸುಂಯ್ ಅಂತಿತ್ರಿ ಅಕಿಗೆ. ಅವತ್ತ ಒಂದ್ ನಿಮಿಷ ಸುಮ್ನ ಕುಂದ್ರಸೂದ್ರಾಗ ನನಗ ಸಾಕಾಗಿ ಹೋಗಿತ್ತು.’ ಕಣ್ಣೊರೆಸಿಕೊಂಡು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟಳು. ‘ಸರ್, ನಿಮಿಷ ಆದ ಮ್ಯಾಲೆ ನಾನು ಬಂದ್ ಮಾಡೂಕಿಂತ ಮೊದ್ಲ ಅಕಿ ಏನೋ ಅಂದಿದ್ಲ್ರಿ. ನಾವೆಲ್ಲ ನಕ್ಕಿದ್ವಿ. ಏನಂದ್ಲು ಅಂತ ಎಷ್ಟ್ ನೆನಸ್ಕೊಂಡ್ರೂ ಬರವಲ್ದು. ಇದರ ಮುಂದ ಏನರ ಐತೇನ್ರಿ?’

‘ಇಲ್ಲ, ಇಷ್ಟೇ ಇರೋದು’ ಎಂದೆ.

ಕಡತದಲ್ಲಿ ಇದ್ದದ್ದು ಅಷ್ಟೇ, ಆ ಮಟ್ಟಿಗೆ ಸುಳ್ಳಲ್ಲ. ಅವಳು ಚಾ ಮಾಡಿ ಕೊಟ್ಟಳು. ಹೊರಡುವಾಗ ಬಗ್ಗಿ ನಮಸ್ಕಾರ ಮಾಡಿದಳು. ‘ನೀವು ಇದನ್ನರ ಉಳಿಸಿದ್ರಲ್ಲ ಸರ್, ದೊಡ್ಡ ಉಪಕಾರ ಆತ್ರಿ’ ಎಂದಳು. ಆ ನಮಸ್ಕಾರವನ್ನು ತೆಗೆದುಕೊಂಡು ಬಂದು ಎರಡು ವರ್ಷವಾಯಿತು.

ಸಂಕಲನ ಮಾಡುವವರಿಗೆ ಉಳಿಸಿದ್ದು ಮರೆತುಹೋಗುತ್ತದೆ, ಕತ್ತರಿಸಿದ್ದು ಮರೆಯುವುದಿಲ್ಲ. ಅಕ್ಷತಾ, ಅದರ ಮುಂದೆ ಇತ್ತಮ್ಮ. ನಾನು ಅದನ್ನು ಕೇಳಿ ನಕ್ಕು, ಕೋಣೆಯ ಸದ್ದು ಶುದ್ಧವಾಗಲೆಂದು ಕತ್ತರಿಸಿ ಹಾಕಿದ್ದೆ. ಹೇಳಿದರೆ ಆ ಕೆಲಸ ನನ್ನದೇ ಎಂದೂ ಹೇಳಬೇಕಾಗುತ್ತಿತ್ತು, ಅದಕ್ಕೆ ಇಲ್ಲವೆಂದೆ. ನಿಮಿಷ ಮುಗಿದ ಮೇಲೆ ನಿನ್ನ ಅಜ್ಜಿ ಕೇಳಿದ್ದು ಇಷ್ಟು: ‘ಆತೇನವಾ? ಇನ್ನ ಮಾತಾಡ್ಲೇನು?’